ದರಕು ಗುಡಿಸುವ ಜಪಾನ್

(ಶಿರಸಿಯಲ್ಲಿ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಆಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಪಾನಿನಲ್ಲಿ ಇರುವವರು ಊರಿಗೆ ಬಂದರೆ ಜನ ಕೇಳುವುದು ಬುಲೆಟ್ ಟ್ರೇನು, ಭೂಕಂಪ, ಚೆರ್ರಿ ಹೂವು. ಆಮೇಲೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, 'ಅವರಿಗೆ ಪ್ರಕೃತಿ ಅಂದ್ರೆ ಭಾರೀ ಪ್ರೀತಿ ಅಲ್ವಾ' ಅಂತ. ಈ ಮಾತಿಗೆ ನಾನು ಸುಮ್ನೆ ತಲೆ ಆಡಿಸುತ್ತೇನೆ. ಪ್ರೀತಿ ಎಷ್ಟಿದೆ ಅಂತ ಅಳೆಯುವುದು ಹೇಗೆ? ನನ್ನ ಕಣ್ಣಿಗೆ ಕಂಡಿದ್ದು ಕೆಲಸ. ಮರ, ಹಕ್ಕಿ, ಎಲೆ, ಹಣ್ಣು, ಇವುಗಳ ಸುತ್ತ ಅಲ್ಲಿ ದಿನಾ ನಡೆಯುವ ಚಾಕರಿ. ಆ ಚಾಕರಿ ಮಾಡುವ ಕೈಗಳು ಈಗ ಕಡಿಮೆಯಾಗುತ್ತಿವೆ. ಇವತ್ತಿನ ಮಾತು ಇದರ ಬಗ್ಗೆ.

ಮೊದಲು, ನನಗಿಂತ ಬಹಳ ಹಿಂದೆ ಅಲ್ಲಿಗೆ ಹೋಗಿದ್ದ ಒಬ್ಬ ಹೊರಗಿನವನ ಕಥೆ. ಎಡ್ವರ್ಡ್ ಮೋರ್ಸ್ ಅಂತ, ಅಮೆರಿಕದವನು. ಚಿಪ್ಪಿನೊಳಗೆ ಬದುಕುವ ಕಡಲಜೀವಿಗಳನ್ನು ನೋಡಬೇಕು ಅಂತ 1877ರಲ್ಲಿ ಜಪಾನಿಗೆ ಬಂದ. ಯೊಕೊಹಾಮಾದಲ್ಲಿ ಹಡಗು ಇಳಿದು ಟೋಕಿಯೊ ಕಡೆ ರೈಲು ಹತ್ತಿದ. ಆ ರೈಲುದಾರಿ ಶುರುವಾಗಿ ಆಗಿನ್ನೂ ಐದು ವರ್ಷ. ಓಮೊರಿ ಅನ್ನುವ ಕಡೆ ಹಳಿ ಹಾಕುವುದಕ್ಕೆ ದಿಬ್ಬ ಕಡಿದಿದ್ದರು. ಕಡಿದ ಮಣ್ಣಿನಲ್ಲಿ ಚಿಪ್ಪುಗಳ ಪದರ ಎದ್ದು ಕಾಣುತ್ತಿತ್ತು. ಕಿಟಕಿಯಿಂದ ನೋಡಿದ ಕೂಡಲೇ ಮೋರ್ಸನಿಗೆ ಅದೇನು ಅಂತ ಹೊಳೆಯಿತು. ಅವನು ಹುಟ್ಟಿ ಬೆಳೆದ ಮೇನ್ ರಾಜ್ಯದ ಕಡಲತೀರದಲ್ಲೂ ಅಂಥವೇ ರಾಶಿಗಳಿದ್ದವು. ಹಳೇ ಕಾಲದ ಜನ ಚಿಪ್ಪು ತಿಂದು ಎಸೆದ ತಿಪ್ಪೆಗಳು. ಆಮೇಲೆ ಅಗೆಸಿದಾಗ ಮಡಕೆ, ಮೂಳೆ, ಉಪಕರಣ ಎಲ್ಲ ಸಿಕ್ಕಿತು. ಜಪಾನಿನಲ್ಲಿ ಪುರಾತತ್ವದ ಕೆಲಸ ಅಲ್ಲಿಂದಲೇ ಶುರುವಾಯಿತು ಅನ್ನುತ್ತಾರೆ.

ಈ ಮೋರ್ಸ್ ಇನ್ನೊಂದು ಕೆಲಸ ಮಾಡಿದ. ಜನ ದಿನಾ ಬಳಸುವ ಸಣ್ಣಪುಟ್ಟ ಸಾಮಾನುಗಳನ್ನೆಲ್ಲ ಕೂಡಿಟ್ಟ. ಅವು ಈಗಲೂ ಅಮೆರಿಕದ ಸೇಲಮ್ ಊರಿನ ಮ್ಯೂಸಿಯಮ್ಮಿನಲ್ಲಿವೆ. ನನಗೆ ಇವನು ಇಷ್ಟವಾಗುವುದು ಇದಕ್ಕೇ. ಅರಮನೆ, ದೇವಸ್ಥಾನ ನೋಡಿ ಬಾಯಿ ಬಿಡುವವರು ಬೇಕಾದಷ್ಟು ಜನ. ಇವನು ಅಡುಗೆಮನೆಗೂ ಕಣ್ಣು ಹಾಯಿಸಿದವನು.

ತಿಪ್ಪೆ ನೋಡಿ ಬೆಳೆದವನಿಗೆ ತಿಪ್ಪೆ ಕಂಡಿತು. ಶಿರಸಿ ಕಡೆಯವನಾದ ನನಗೆ ಕಂಡಿದ್ದು ದರಕು, ಅಂದರೆ ಉದುರಿ ಒಣಗಿದ ಎಲೆ.

ನಾನಿರುವುದು ಟೋಕಿಯೊಗೆ ಅಂಟಿಕೊಂಡ ಸೈತಾಮಾದಲ್ಲಿ. ಟೋಕಿಯೊದೊಳಗಿನ ನಿಶಿಕಸಾಯ್ ಕಡೆ ಮನೆ ಮಾಡಿದರೆ ನಮ್ಮವರು ಜಾಸ್ತಿ, ತೊಗರಿಬೇಳೆಯೂ ಕೈಗೆ ಸಿಗುತ್ತದೆ. ನಾನು ಬಾಡಿಗೆ ಕಡಿಮೆ ಅಂತ ಈ ಕಡೆ ಬಂದೆ. ತೊಕೊರೊಜಾವಾ ಮತ್ತು ಮಿಯೋಶಿ ಊರುಗಳ ನಡುವೆ ಸಾಂತೊಮೆ ಅಂತ ಒಂದು ಪ್ರದೇಶವಿದೆ. ಟೋಕಿಯೊ ನಡುಮಧ್ಯದಿಂದ 30 ಕಿಲೋಮೀಟರು ಆಗಬಹುದು. ಒಂದು ಕಡೆ ಗೋಡೌನು, ಹೆದ್ದಾರಿ, ಲಾರಿ. ಅದರ ಪಕ್ಕದಲ್ಲೇ 1690ರ ದಶಕದಲ್ಲಿ ಗೆರೆ ಎಳೆದು ಹಂಚಿದ ಹೊಲಗಳು ಇವತ್ತಿಗೂ ಹಾಗೇ ಇವೆ.

ಆ ಹಂಚಿಕೆ ನೋಡಬೇಕು ನೀವು. ಕವಾಗೊಯೆಯ ಆಗಿನ ಒಡೆಯ ಯಾನಗಿಸಾವಾ ಯೊಶಿಯಾಸು ಹೊಸದಾಗಿ ಒಕ್ಕಲು ಬಂದವರಿಗೆ ಕೊಟ್ಟ ಜಾಗ. ಒಂದೊಂದು ಮನೆಗೆ 72 ಮೀಟರು ಅಗಲ, 675 ಮೀಟರು ಉದ್ದದ ಪಟ್ಟಿ. ಹತ್ತಿರಹತ್ತಿರ 12 ಎಕರೆ. ರಸ್ತೆ ಪಕ್ಕ ಮನೆ, ಮನೆ ಸುತ್ತ ದೊಡ್ಡ ಮರಗಳು, ಹಿಂದೆ ಉದ್ದಕ್ಕೆ ಹೊಲ, ಹೊಲದ ಕೊನೆಗೆ ಕಾಡು. ಎಲ್ಲ ಮನೆಗೂ ಅದೇ ಲೆಕ್ಕ. ಹೊಲದ ಅಂಚಿಗೆ ಚಹಾ ಗಿಡದ ಸಾಲು, ಗಾಳಿಗೆ ಮಣ್ಣು ಹಾರದ ಹಾಗೆ. ಅಲ್ಲಿಯ ಮಣ್ಣು ಜ್ವಾಲಾಮುಖಿಯ ಬೂದಿ. ಹಗುರ, ಸಾರವಿಲ್ಲ. ನೀರು ಬಹಳ ಆಳದಲ್ಲಿದೆ. ಚಳಿ ಮುಗಿದು ಗಾಳಿ ಶುರುವಾದರೆ ಆಕಾಶವೇ ಕೆಂಪಾಗುತ್ತದೆ. ಅಂಥ ಮಣ್ಣಿನಲ್ಲಿ ಬೆಳೆ ಬರಬೇಕು ಅಂದರೆ ಎಲೆಗೊಬ್ಬರ ಬೇಕೇ ಬೇಕು. ಅದಕ್ಕೆ ಆ ಕಾಡು. ಕುನುಗಿ, ಕೊನಾರಾ ಅನ್ನುವ ಎರಡು ಜಾತಿಯ ಓಕ್ ಮರಗಳನ್ನು ನೆಟ್ಟು ಬೆಳೆಸಿದ ಕಾಡು.

ಇಲ್ಲಿ ಕೂತಿರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಕಾಡು, ನಮ್ಮ ಸೊಪ್ಪಿನ ಬೆಟ್ಟ! ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ನಡೆದು ಬಂದಿದೆಯಲ್ಲ, ಅದೇ ತರ್ಕ. ಹಸಿರು ಸೊಪ್ಪು ಕಡಿದು ತರುವುದು, ಬೇಸಿಗೆಯಲ್ಲಿ ದರಕು ಗುಡಿಸುವುದು, ಕೊಟ್ಟಿಗೆಗೆ ಹಾಸುವುದು, ಗೊಬ್ಬರ ಮಾಡಿ ತೋಟಕ್ಕೆ ಹಾಕುವುದು.

ಅವರು ಗುಡಿಸುವುದು ಚಳಿಗಾಲದಲ್ಲಿ, ಜನವರಿ ಹೊತ್ತಿಗೆ. ಬೆಳಗ್ಗೆ ನೆಲ ಹೆಪ್ಪುಗಟ್ಟಿರುತ್ತದೆ. ಮೊದಲು ಕಾಡಿನ ಕೆಳಗಿನ ಗಿಡಗಂಟಿ ಸವರುತ್ತಾರೆ. ಆಮೇಲೆ ಉದ್ದ ಹಿಡಿಕೆಗೆ ಬಾಗಿದ ಬಿದಿರುಕಡ್ಡಿ ಕಟ್ಟಿದ ಸಲಕರಣೆಯಲ್ಲಿ ಎಲೆ ಬಾಚುತ್ತಾರೆ. ನಾಲ್ಕೈದು ಜನ ಒಂದು ಸಾಲಾಗಿ ನಿಂತು, ಒಂದೇ ಕಡೆಗೆ. ರಾಶಿ ಬಿದ್ದ ಮೇಲೆ ಹೆಡಿಗೆ ಬರುತ್ತದೆ. ಬಿದಿರಿನದು, ದೊಡ್ಡ ಆಳು ಒಳಗೆ ಇಳಿದು ನಿಲ್ಲುವಷ್ಟು ದೊಡ್ಡದು. ಸುಮ್ನೆ ಹೇಳುತ್ತಿಲ್ಲ, ಒಬ್ಬರು ಒಳಗೆ ಇಳಿದೇ ಇಳಿಯುತ್ತಾರೆ. ಹೊರಗಿನವರು ಎಲೆ ತುಂಬಿದ ಹಾಗೆಲ್ಲ ಅವರು ಒಳಗೆ ತುಳಿಯುತ್ತ ತುಳಿಯುತ್ತ ಮೇಲೇರುತ್ತಾರೆ. ಬಾಯಿ ತನಕ ತುಂಬಿದಾಗ ಹೊರಗೆ ಹಾರುತ್ತಾರೆ. ಹೆಡಿಗೆಯನ್ನು ಮಗುಚಿ, ಉರುಳಿಸಿಕೊಂಡು ಚಿಕ್ಕ ಲಾರಿಗೆ ಏರಿಸುತ್ತಾರೆ. ಈ ತುಳಿಯುವ ಕೆಲಸವನ್ನು ಮೊದಲ ದಿನವೇ ನನಗೆ ಕೊಟ್ಟರು. ಹಗುರ ಇದ್ದೇನೆ ಅಂತಲೋ, ಬಾಚುವುದಕ್ಕೆ ಬರುವುದಿಲ್ಲ ಅಂತಲೋ, ಕೇಳಲಿಲ್ಲ.

ಎಲೆಗೆ ತೌಡು ಬೆರೆಸಿ, ನೀರು ಹಾಕಿ, ತುಳಿದು ಮಡಿ ಮಾಡಿದರೆ ಒಳಗಿನಿಂದ ಕಾವು ಏಳುತ್ತದೆ. ಹೊರಗೆ ಇಬ್ಬನಿ ಹೆಪ್ಪುಗಟ್ಟುವ ಚಳಿ ಇದ್ದರೂ ಮಡಿಯಲ್ಲಿ ಕೈ ಇಟ್ಟರೆ ಬೆಚ್ಚಗೆ. ಅದರ ಮೇಲೆ ಗೆಣಸು ಹೂತು ಬಳ್ಳಿ ಚಿಗುರಿಸುತ್ತಾರೆ. ಆ ಬಳ್ಳಿಯೇ ಮೇ ತಿಂಗಳಲ್ಲಿ ಹೊಲಕ್ಕೆ ಹೋಗುವುದು. ಕಾವು ಆರಿದ ಎಲೆಯನ್ನು ಮತ್ತೆ ಕೊಳೆಸಿ ಗೊಬ್ಬರ ಮಾಡುತ್ತಾರೆ. ಆ ರಾಶಿ ಅಗೆದರೆ ಹೆಬ್ಬೆರಳು ದಪ್ಪದ ಬಿಳಿ ಹುಳುಗಳು. ಕೊಂಬಿನ ದುಂಬಿಯ ಮರಿಗಳು. ಜಪಾನಿನ ಮಕ್ಕಳಿಗೆ ಈ ದುಂಬಿ ಅಂದರೆ ಪ್ರಾಣ. ಪೇಟೆಯಲ್ಲಿ ಅಂಗಡಿಯಿಂದ ದುಡ್ಡು ಕೊಟ್ಟು ತರುತ್ತಾರೆ, ಅದಕ್ಕೆ ತಿನ್ನಿಸುವ ಜೆಲ್ಲಿಯೂ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ರೈತರ ಮನೆ ಮಕ್ಕಳು ಗೊಬ್ಬರದ ಗುಂಡಿಯಿಂದ ಡಬ್ಬಿ ತುಂಬಿಕೊಳ್ಳುತ್ತವೆ.

ಆ ಜಾಗದ ಒಬ್ಬ ವಯಸ್ಸಾದ ರೈತರಿಗೆ ಫೋನಿನಲ್ಲಿ ನಮ್ಮ ಬೆಟ್ಟದ ಫೋಟೋ ತೋರಿಸಿದೆ. ನೋಡಿದರು. ಬೆಟ್ಟದ ಬಗ್ಗೆ ಏನೂ ಕೇಳಲಿಲ್ಲ. ಫೋಟೋದ ಮೂಲೆಯಲ್ಲಿದ್ದ ದನ ನೋಡಿ, 'ಇವು ನಿಮ್ಮವಾ? ಮನೆಯಲ್ಲೇ ಕಟ್ಟುತ್ತೀರಾ? ಸೆಗಣಿ ಎಲ್ಲ ನಿಮಗೇ?' ಅಂತ ಕೇಳಿದರು. ಅವರಿಗೆ ಅದೇ ದೊಡ್ಡ ಶ್ರೀಮಂತಿಕೆಯ ಹಾಗೆ ಕಂಡಿತು.

2023ರ ಜುಲೈಯಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಎಲೆಗೊಬ್ಬರದ ಬೇಸಾಯವನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಬೋರ್ಡು ಬಂತು, ಟಿವಿಯವರು ಬಂದರು. ಆದರೆ ಕಾಡು ಕರಗುವುದು ನಿಂತಿಲ್ಲ. ಇಲ್ಲಿ ನಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಬೆಟ್ಟ ಸರ್ಕಾರದ್ದು, ನಮಗಿರುವುದು ಸೊಪ್ಪು ತೆಗೆದುಕೊಳ್ಳುವ ಸವಲತ್ತು. ಮಾರುವ ಹಾಗಿಲ್ಲ. ಅಲ್ಲಿ ಕಾಡು ಸ್ವಂತದ್ದು. ಯಜಮಾನ ತೀರಿಕೊಂಡರೆ ಮಕ್ಕಳು ಪಿತ್ರಾರ್ಜಿತದ ತೆರಿಗೆ ಕಟ್ಟಬೇಕು. ಬೇಸಾಯ ಮುಂದುವರಿಸುತ್ತೇವೆ ಅಂದರೆ ಹೊಲದ ತೆರಿಗೆಗೆ ವಿನಾಯಿತಿ ಸಿಗುತ್ತದೆ. ಕಾಡಿಗೆ ಆ ವಿನಾಯಿತಿ ಇಲ್ಲ. ಟೋಕಿಯೊ ಪಕ್ಕದ ಭೂಮಿ ಬೇರೆ, ಬೆಲೆ ಕೇಳಬೇಡಿ. ತೆರಿಗೆ ಕಟ್ಟುವುದಕ್ಕೆ ಕಾಡು ಮಾರುತ್ತಾರೆ. ಅಲ್ಲೊಂದು ಗೋಡೌನು ಏಳುತ್ತದೆ. ಹೊಲವೂ ಕಾಡೂ ಒಂದೇ ಬೇಸಾಯದ ಎರಡು ತುದಿ ಅಂತ ರೈತರಿಗೆ ಗೊತ್ತು. ತೆರಿಗೆಯ ಕಾಗದಕ್ಕೆ ಗೊತ್ತಿಲ್ಲ.

ಉಳಿದ ಕಾಡಿಗೆ ಇನ್ನೊಂದು ಕಾಯಿಲೆ. ಹಿಂದೆ ಸೌದೆ, ಇದ್ದಿಲಿಗೆ ಅಂತ ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಮರ ಕಡಿಯುತ್ತಿದ್ದರು. ಬುಡದಿಂದ ಮತ್ತೆ ಚಿಗುರುತ್ತಿತ್ತು. 1960ರ ದಶಕದಲ್ಲಿ ಗ್ಯಾಸು ಬಂತು, ಚೀಲದ ಗೊಬ್ಬರ ಬಂತು, ಕಡಿಯುವುದು ನಿಂತಿತು. ಮರಗಳು ದಪ್ಪವಾದವು, ಮುದಿಯಾದವು. ಓಕ್ ಮರದೊಳಗೆ ತೂತು ಕೊರೆದು ಶಿಲೀಂಧ್ರ ಹರಡುವ ಒಂದು ಸಣ್ಣ ಕೀಟವಿದೆ. ಅದಕ್ಕೆ ಇಂಥ ದಪ್ಪ ಮುದಿ ಮರವೇ ಇಷ್ಟ. ನಡುಬೇಸಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಮರ ಇದ್ದಕ್ಕಿದ್ದ ಹಾಗೆ ಕೆಂಪಗೆ ಒಣಗಿ ನಿಂತಿರುತ್ತದೆ. ಮರ ಕಡಿಯದೇ ಇದ್ದರೆ ಕಾಡು ಉಳಿಯುತ್ತದೆ ಅಂತ ಪೇಟೆಯವರ ನಂಬಿಕೆ. ಆ ಕಾಡಿನ ಮಟ್ಟಿಗೆ ಅದು ಸುಳ್ಳು.

ಜಪಾನಿನ ಮೂರರಲ್ಲಿ ಎರಡು ಪಾಲು ನೆಲ ಕಾಡು. ಕೇಳುವುದಕ್ಕೆ ಚೆಂದ. ಅದರಲ್ಲಿ ಸುಮಾರು 40 ಶೇಕಡಾ ನೆಟ್ಟು ಬೆಳೆಸಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ ಕಟ್ಟುವುದಕ್ಕೆ ಮರ ಬೇಕಾಯಿತು. ಗುಡ್ಡ ಗುಡ್ಡವೆಲ್ಲ ಸುಗಿ ಅನ್ನುವ ಸಿಡಾರ್ ಜಾತಿಯ ಮರ ನೆಟ್ಟರು. ಅದು ಬೆಳೆಯುವಷ್ಟರಲ್ಲಿ ಹೊರದೇಶದ ಮರ ಅಗ್ಗಕ್ಕೆ ಬಂತು. ಕಡಿಯುವವರಿಲ್ಲ. ಈಗ ಆ ಮರಗಳೆಲ್ಲ ಹರೆಯಕ್ಕೆ ಬಂದು ಫೆಬ್ರವರಿಯಿಂದ ಏಪ್ರಿಲ್ ತನಕ ಹಳದಿ ಪರಾಗ ಉಗುಳುತ್ತವೆ. 2019ರ ಸಮೀಕ್ಷೆ ಪ್ರಕಾರ ದೇಶದ 38.8 ಶೇಕಡಾ ಜನಕ್ಕೆ ಸುಗಿ ಪರಾಗದ ಅಲರ್ಜಿ. ಟಿವಿಯಲ್ಲಿ ಮಳೆ ಮುನ್ಸೂಚನೆಯ ಜೊತೆ ಪರಾಗದ ಮುನ್ಸೂಚನೆಯೂ ಬರುತ್ತದೆ. ಎಲ್ಲರ ಮೂಗು ಕೆಂಪು, ಮುಖಕ್ಕೆ ಮಾಸ್ಕು. ಹತ್ತು ವರ್ಷದಲ್ಲಿ ಸುಗಿ ನೆಡುತೋಪನ್ನು 20 ಶೇಕಡಾ ಕಡಿಮೆ ಮಾಡುತ್ತೇವೆ ಅಂತ ಸರ್ಕಾರ 2023ರಲ್ಲಿ ಹೇಳಿದೆ. ನಮ್ಮ ಜಿಲ್ಲೆಯ ಅಕೇಶಿಯಾ ನೆಡುತೋಪು ನೋಡಿದವರಿಗೆ ಈ ಕಥೆ ಹೊಸದೇನೂ ಆಗಲಿಕ್ಕಿಲ್ಲ.

ಚೆರ್ರಿ ಹೂವಿನ ಬಗ್ಗೆ ಹೇಳದೇ ಇದ್ದರೆ ನೀವು ಬಿಡುವುದಿಲ್ಲ. ಚುಟುಕಾಗಿ ಹೇಳುತ್ತೇನೆ. ಫೋಟೋಗಳಲ್ಲಿ ನೀವು ನೋಡುವ ಹೆಚ್ಚಿನ ಮರಗಳು ಸೊಮೆಯ್ ಯೊಶಿನೊ ಅನ್ನುವ ಒಂದೇ ತಳಿ. ಎಲ್ಲವೂ ಕಸಿ ಕಟ್ಟಿದ್ದು, ಅಂದರೆ ಒಂದೇ ಮರದ ನಕಲುಗಳು. ಒಂದು ಊರಿನ ಮರಗಳೆಲ್ಲ ಒಟ್ಟಿಗೆ ಅರಳುವುದು ಇದಕ್ಕೇ. ಹೂ ಬಿಟ್ಟಿತು ಅಂತ ಹವಾಮಾನ ಇಲಾಖೆ ಅಧಿಕೃತವಾಗಿ ಸಾರುತ್ತದೆ. ಟೋಕಿಯೊಗೆ ಲೆಕ್ಕದ ಮರ ಇರುವುದು ಯಾಸುಕುನಿ ಮಂದಿರದ ಅಂಗಳದಲ್ಲಿ. ಆ ಒಂದು ಮರದಲ್ಲಿ ಐದಾರು ಹೂವು ಬಿಟ್ಟಿರಬೇಕು. ಇಲಾಖೆಯವರು ಬಂದು ಕತ್ತೆತ್ತಿ ಎಣಿಸುತ್ತಾರೆ, ಸುತ್ತ ಕ್ಯಾಮೆರಾಗಳು ಕಾಯುತ್ತಿರುತ್ತವೆ. ನಗು ಬರುತ್ತದೆ. ಆದರೆ ಇಂಥ ಲೆಕ್ಕದಿಂದ ಏನು ಸಿಗುತ್ತದೆ ನೋಡಿ. ಕ್ಯೋಟೋದಲ್ಲಿ ಚೆರ್ರಿ ಯಾವಾಗ ಅರಳಿತು ಅನ್ನುವುದಕ್ಕೆ 9ನೇ ಶತಮಾನದಿಂದ ದಾಖಲೆ ಸಿಗುತ್ತದೆ. ಹಳೇ ದಿನಚರಿಗಳಲ್ಲಿ, ಅರಮನೆಯ ಬರಹಗಳಲ್ಲಿ ಹೂವು ನೋಡುತ್ತ ಮಾಡುವ ಊಟ ಯಾವ ದಿನ ಆಯಿತು ಅಂತ ಬರೆದಿಟ್ಟದ್ದನ್ನು ವಿಜ್ಞಾನಿಗಳು ಹೆಕ್ಕಿ ಜೋಡಿಸಿದ್ದಾರೆ. 2021ರಲ್ಲಿ ಮಾರ್ಚ್ 26ಕ್ಕೇ ಮರ ತುಂಬ ಅರಳಿತು. ಆ ತನಕ ಸಿಕ್ಕಿದ್ದ ದಾಖಲೆಗಳಲ್ಲೇ ಅಷ್ಟು ಬೇಗ ಅರಳಿದ್ದು ಅದೇ ಮೊದಲು. ಭೂಮಿ ಬಿಸಿಯಾಗುತ್ತಿದೆ ಅನ್ನುವುದಕ್ಕೆ ಊಟದ ದಿನ ಬರೆದಿಟ್ಟವರು ಸಾಕ್ಷಿಯಾಗಿದ್ದಾರೆ.

ಇದೇ ಇಲಾಖೆ 1953ರಿಂದ ಹೂವಿನ ಜೊತೆ ಮೊದಲ ಬಾನಾಡಿ (ಸ್ವಾಲೋ ಹಕ್ಕಿ), ಮೊದಲ ಕಪ್ಪೆ, ಮೊದಲ ಜೀರುಂಡೆ ದನಿ, ಎಲ್ಲ ಬರೆದಿಡುತ್ತಿತ್ತು. 57 ಜಾತಿಯ ಗಿಡ, ಪ್ರಾಣಿ. 2021ರಿಂದ ಅದನ್ನು ಆರು ಗಿಡಗಳಿಗೆ ಇಳಿಸಿದರು. ಪ್ರಾಣಿಗಳು ಒಂದೂ ಇಲ್ಲ. ಪೇಟೆಯ ಕಚೇರಿ ಸುತ್ತಮುತ್ತ ಅವು ಸಿಗುವುದೇ ಕಷ್ಟವಾಯಿತು ಅನ್ನುವುದು ಕೊಟ್ಟ ಕಾರಣ. ಎಣಿಸುವುದು ನಿಲ್ಲಿಸಿದ್ದರ ಬಗ್ಗೆ ನನಗೆ ಬೇಸರವಿದೆ. ಈಗ ಸಾಮಾನ್ಯ ಜನರನ್ನು ಸೇರಿಸಿಕೊಂಡು ಆ ಪಟ್ಟಿ ಮುಂದುವರಿಸುವ ಪ್ರಯತ್ನ ನಡೆಯುತ್ತಿದೆ.

ಮನೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ಬಾನಾಡಿ ಅಂದೆನಲ್ಲ, ಕವಲುಬಾಲದ ಆ ಹಕ್ಕಿ ಏಪ್ರಿಲ್ ಹೊತ್ತಿಗೆ ದಕ್ಷಿಣದಿಂದ ಬರುತ್ತದೆ. ಗೂಡು ಕಟ್ಟುವುದು ರೈಲ್ವೆ ಸ್ಟೇಷನ್ನು, ಅಂಗಡಿ ಮಾಡಿನ ಕೆಳಗೆ. ಜನ ಓಡಾಡುವ ಜಾಗವೇ ಬೇಕು ಅದಕ್ಕೆ, ಅಲ್ಲಿ ಕಾಗೆ, ಹಾವಿನ ಕಾಟ ಕಡಿಮೆ. ಹಿಕ್ಕೆ ಮಾತ್ರ ಪ್ರಯಾಣಿಕರ ತಲೆ ಮೇಲೆ. ಸ್ಟೇಷನ್ನಿನವರು ಗೂಡಿನ ಕೆಳಗೆ ಒಂದು ಹಲಗೆ ಕಟ್ಟುತ್ತಾರೆ, ಇಲ್ಲವೇ ಕೊಡೆಯನ್ನು ತಲೆಕೆಳಗಾಗಿ ತೂಗುಹಾಕುತ್ತಾರೆ. ಪಕ್ಕದಲ್ಲಿ ಒಂದು ಚೀಟಿ: ಮರಿಗಳಿವೆ, ತಲೆ ಜೋಪಾನ.

ಕಾಗೆಗೆ ಈ ಮರ್ಯಾದೆ ಇಲ್ಲ. ಅಲ್ಲಿಯ ಪೇಟೆ ಕಾಗೆ ನಮ್ಮ ಕಾಡುಕಾಗೆಯ ಹತ್ತಿರದ ನೆಂಟ. ದಪ್ಪ ಕೊಕ್ಕು, ಒಳ್ಳೇ ಮೈಕಟ್ಟು. ನಾವು ಶ್ರಾದ್ಧದ ದಿನ ಕರೆದೂ ಕರೆದೂ ಸುಸ್ತಾಗುತ್ತೇವೆ. ಅಲ್ಲಿ ಕರೆಯದೇ ಬರುತ್ತದೆ, ಕಸದ ಚೀಲಕ್ಕೆ. 2001ರಲ್ಲಿ ಟೋಕಿಯೊ ಆಡಳಿತ ಕಾಗೆ ಹಿಡಿಸುವುದಕ್ಕೆ ಶುರು ಮಾಡಿದಾಗ ಎಣಿಕೆಗೆ ಸಿಕ್ಕಿದ್ದು 36 ಸಾವಿರಕ್ಕೂ ಹೆಚ್ಚು. ಕಸ ಇಡುವ ಜಾಗದಲ್ಲಿ ಬಲೆ ಇರುತ್ತದೆ. ಚೀಲ ಇಟ್ಟು ಬಲೆ ಹೊದಿಸಬೇಕು, ಅಂಚಿಗೆ ಭಾರ ಇಡಬೇಕು. ಲಾರಿ ಹೋದ ಮೇಲೆ ಬಲೆ ಮಡಚಿ ಜಾಗ ಗುಡಿಸುವುದು ಬೀದಿಯ ಮನೆಗಳ ಸರದಿ. ನಮ್ಮ ಬೀದಿಯಲ್ಲಿ ಅದಕ್ಕೆ ಒಂದು ಮರದ ಬಿಲ್ಲೆ ಇದೆ. ಇವತ್ತು ನಮ್ಮ ಬಾಗಿಲಿಗೆ ತೂಗಿದರೆ ಈ ವಾರ ನಮ್ಮ ಪಾಳಿ. ಮುಗಿದ ಮೇಲೆ ಪಕ್ಕದ ಮನೆ ಬಾಗಿಲಿಗೆ. ಎಂಬತ್ತು ದಾಟಿದ ಒಬ್ಬರು ಅಜ್ಜಿ ಇನ್ನು ಬಗ್ಗಲಾಗುವುದಿಲ್ಲ ಅಂತ ಸರದಿಯಿಂದ ಹೊರಗೆ ಬಂದರು. ಆಮೇಲೆ ಇನ್ನೆರಡು ಮನೆ ಖಾಲಿಯಾದವು. ಬಿಲ್ಲೆ ಈಗ ನನ್ನ ಬಾಗಿಲಿಗೆ ಬೇಗ ಬೇಗ ಬರುತ್ತಿದೆ.

ಅದೇ ಅಜ್ಜಿ ಏಪ್ರಿಲಿನಲ್ಲಿ ನನಗೆ ಕಳಲೆ ಕೊಡುತ್ತಾರೆ. ನಮಗೆ ಕಳಲೆ ಮಳೆಗಾಲದ್ದು, ಅವರಿಗೆ ವಸಂತದ್ದು. ನಾವು ಹೆಚ್ಚಿ, ದಿನಾ ನೀರು ಬದಲಿಸುತ್ತ ನೆನೆಹಾಕುತ್ತೇವೆ. ಅವರು ಸಿಪ್ಪೆ ಸಮೇತ, ತೌಡು ಹಾಕಿದ ನೀರಿನಲ್ಲಿ, ಒಂದು ಒಣಮೆಣಸಿನಕಾಯಿ ಜೊತೆ ಕುದಿಸುತ್ತಾರೆ. ಅದೇ ನೀರಿನಲ್ಲಿ ಆರುವುದಕ್ಕೆ ಬಿಡಬೇಕು. ಅಜ್ಜಿ ಕಳಲೆಯ ಜೊತೆ ತೌಡಿನ ಪೊಟ್ಟಣವನ್ನೂ ಕೊಡುತ್ತಾರೆ, ಇವನ ಹತ್ತಿರ ಎಲ್ಲಿ ಇರುತ್ತದೆ ಅಂತ. ನಾನು ಅದಕ್ಕೆ ಸಾಸಿವೆ ಒಗ್ಗರಣೆ, ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ಒಂದು ಬಟ್ಟಲು ವಾಪಸ್ ಕೊಟ್ಟೆ. ಅವರು ಸಾಸಿವೆಕಾಳನ್ನು ಒಂದೊಂದಾಗಿ ಬದಿಗೆ ತೆಗೆದಿಟ್ಟು, ಇದು ಯಾವ ಬೀಜ ಅಂತ ಕೇಳಿದರು.

ಕೈಗಳು ಕಡಿಮೆಯಾದರೆ ಏನಾಗುತ್ತದೆ? ಉತ್ತರದ ಅಕಿತಾ, ಇವಾತೆ ಕಡೆ ಹೋದರೆ ತಿಳಿಯುತ್ತದೆ. ಮನೆ ಹಿತ್ತಲಲ್ಲಿ ಕಾಕಿ (ಪರ್ಸಿಮನ್) ಹಣ್ಣಿನ ಮರ ಎಲೆ ಉದುರಿಸಿ, ಕಿತ್ತಳೆ ಬಣ್ಣದ ಹಣ್ಣು ಹೊತ್ತು ನಿಂತಿರುತ್ತದೆ. ಹಿಂದೆ ಸಿಪ್ಪೆ ತೆಗೆದು ದಾರಕ್ಕೆ ಪೋಣಿಸಿ ಒಣಗಿಸುತ್ತಿದ್ದರು. ಈಗ ಮನೆಯಲ್ಲಿ ಜನ ಇಲ್ಲ. 2023ರ ಲೆಕ್ಕದಂತೆ ದೇಶದಲ್ಲಿ ಸುಮಾರು 90 ಲಕ್ಷ ಮನೆ ಖಾಲಿ. ಕಾಡಿನಲ್ಲಿ ಬೀಚ್ ಅನ್ನುವ ಮರ ಕಾಯಿ ಬಿಡದ ವರ್ಷ ಕರಡಿ ಆ ಹಣ್ಣು ಹುಡುಕಿಕೊಂಡು ಊರೊಳಗೆ ಬರುತ್ತದೆ. 2023ರ ಏಪ್ರಿಲಿನಿಂದ 2024ರ ಮಾರ್ಚ್ ತನಕ 200ಕ್ಕೂ ಹೆಚ್ಚು ಜನ ಕರಡಿ ದಾಳಿಗೆ ಸಿಕ್ಕಿದರು. ಹಣ್ಣು ಕೀಳಿ, ಇಲ್ಲವೇ ಮರ ಕಡಿಯಿರಿ ಅಂತ ಊರಾಡಳಿತದವರು ಮನೆಮನೆಗೆ ಚೀಟಿ ಹಂಚುತ್ತಾರೆ. ಯಾರ ಕೈಗೆ ಕೊಡುವುದು ಆ ಚೀಟಿ?

ಇದು ಕಪ್ಪು ಕರಡಿಯ ಮಾತು. ಹೊಕ್ಕೈಡೊ ದ್ವೀಪದಲ್ಲಿರುವುದು ದೊಡ್ಡ ಕಂದು ಕರಡಿ. ನಡುವಿನ ಜಲಸಂಧಿ ದಾಟಿದರೆ ಪ್ರಾಣಿ, ಹಕ್ಕಿಗಳೇ ಬೇರೆ ಅಂತ ಮೊದಲು ಗಟ್ಟಿಯಾಗಿ ಹೇಳಿದವನೂ ಒಬ್ಬ ಹೊರಗಿನವನು. ಥಾಮಸ್ ಬ್ಲೇಕಿಸ್ಟನ್ ಅನ್ನುವ ಇಂಗ್ಲಿಷ್ ವ್ಯಾಪಾರಿ. ಹಕೊದಾತೆಯಲ್ಲಿ ವ್ಯಾಪಾರ ಮಾಡುತ್ತ, ಬಿಡುವಿನಲ್ಲಿ ಹಕ್ಕಿ ನೋಡುತ್ತ ಇದ್ದವನು. ಆ ಗಡಿಗೆ ಇವತ್ತಿಗೂ ಅವನದೇ ಹೆಸರು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಅಕ್ಕ ಕೇಳಿದರು, 'ಭೂಕಂಪದ ಹೆದರಿಕೆ ಇಟ್ಟುಕೊಂಡು ದಿನಾ ಹೇಗೆ ಇರ್ತಾರೆ ತಮ್ಮ?' ಅದಕ್ಕೂ ಚಾಕರಿಯದೇ ಉತ್ತರ. ನಮ್ಮ ಊರಿನಲ್ಲಿ ಸಂಜೆ ಐದಕ್ಕೆ ಕಂಬದ ಧ್ವನಿವರ್ಧಕದಿಂದ ಒಂದು ರಾಗ ಬರುತ್ತದೆ. ಮಕ್ಕಳು ಆಟ ಬಿಟ್ಟು ಮನೆಗೆ ಹೊರಡುತ್ತವೆ. ನಿಜಕ್ಕೆ ಅದು ವಿಪತ್ತಿನ ಎಚ್ಚರಿಕೆ ಕೊಡುವ ಯಂತ್ರ. ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ದಿನಾ ಹೀಗೆ ಪರೀಕ್ಷೆ ಮಾಡುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬರು ಹೆಗಡೇರು ನೇರವಾಗಿ ಕೇಳಿದರು, 'ದರಕು ಗುಡಿಸಿದ್ದು ಪೂರೈಸ್ತದಾ? ಇಲ್ಲಿ ಕೂಲಿಯವರೇ ಸಿಗೋದಿಲ್ಲ.' ಬರೀ ಕೂಲಿ ಲೆಕ್ಕ ಹಾಕಿದರೆ ಅಲ್ಲೂ ಪೂರೈಸುವುದಿಲ್ಲ. ಚೀಲದ ಗೊಬ್ಬರ ಬಹಳ ಅಗ್ಗ. ಎರಡು ಕಾರಣಕ್ಕೆ ನಡೆಯುತ್ತಿದೆ ಅಂತ ನನಗನ್ನಿಸುತ್ತದೆ. ಒಂದು, ಗುಡಿಸುವ ದಿನ ಪೇಟೆಯಿಂದ ಜನ ಬಿಟ್ಟಿ ಕೆಲಸಕ್ಕೆ ಬರುತ್ತಾರೆ, ನನ್ನ ಹಾಗೆ. ಇನ್ನೊಂದು, ಗೆಣಸನ್ನು ಅವರು ದಲ್ಲಾಳಿಗೆ ಹಾಕುವುದು ಕಡಿಮೆ. ಮಿಯೋಶಿಯಲ್ಲಿ ರಸ್ತೆ ಉದ್ದಕ್ಕೂ ಮನೆ ಮುಂದೇ ಅಂಗಡಿ. ಸೆಪ್ಟೆಂಬರಿನಿಂದ ಕಾರುಗಳ ಸಾಲು ನಿಲ್ಲುತ್ತದೆ. ಕೊಳ್ಳುವವರು ಎಲೆಗೊಬ್ಬರದ ಗೆಣಸು ಅಂತ ಕೇಳಿಕೊಂಡು ಬರುತ್ತಾರೆ, ಅದಕ್ಕೆ ಜಾಸ್ತಿ ಕೊಡುತ್ತಾರೆ. ಅಡಿಕೆಗೆ ಹಾಗೆ ಕೇಳಿಕೊಂಡು ಬರುವವರು ಯಾರಿದ್ದಾರೆ ಅಂತ ಹೆಗಡೇರು ತಿರುಗಿ ಕೇಳಿದರು. ಅದಕ್ಕೆ ಸಭೆಯಲ್ಲೇ ಚರ್ಚೆ ಶುರುವಾಯಿತು. ಚಹಾ ಬಂದರೂ ಮುಗಿಯಲಿಲ್ಲ.